ಸೋಡಚೀಟಿಯ ಲೆಕ್ಕ: ಕಲ್ಯಾಣದ ಸೀಮೆಯಲ್ಲಿ ಪಾಲು ಮತ್ತು ಸಾಲ

1

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಗಾದೆ ಕಟ್ಟಿದವರು ಹೊಟ್ಟೆ ತುಂಬ ಉಂಡವರೇ ಇರಬೇಕು. ಉಣ್ಣಲಿಕ್ಕೆ ಇಲ್ಲದ ಮನೆಯ ಜಗಳ ಅಷ್ಟು ಸುಲಭಕ್ಕೆ ಮಲಗುವುದಿಲ್ಲ. ಅದು ಓಣಿಗೆ ಬರುತ್ತದೆ, ಕುಲದ ಹಿರಿಯರ ಕಟ್ಟೆ ಹತ್ತುತ್ತದೆ. ಅಲ್ಲಿ ಯಾರೋ ಒಬ್ಬರು "ಇನ್ನ ಕೂಡೂದಿಲ್ಲ, ಚೀಟಿ ಮಾಡಿ ಕೈ ತೊಳಕೋರಿ" ಅಂದರೆ ಸಂಸಾರ ಮುಗಿಯಿತು. ಸಂಸಾರ ಮುಗಿಯಿತು ನಿಜ. ಸಂಸಾರದ ಲೆಕ್ಕ ಮುಗಿಯಿತೆ?

ದಲಿತ ವಿಮರ್ಶೆ ಒಂದು ಮಾತನ್ನು ಹೆಮ್ಮೆಯಿಂದ ಹೇಳುತ್ತ ಬಂದಿದೆ. ಬ್ರಾಹ್ಮಣ್ಯದ ಮದುವೆ ಬಿಡಿಸಲಾರದ ಗಂಟು, ಅದು ಹೆಣ್ಣನ್ನು ಸತಿ ಮಾಡಿತು, ತಲೆ ಬೋಳಿಸಿ ಕೋಣೆಯಲ್ಲಿ ಕೂರಿಸಿತು. ನಮ್ಮ ಕೇರಿಗಳಲ್ಲಿ ಬಿಡುಗಡೆ ಇತ್ತು, ಉಡಿಕಿ ಇತ್ತು, ಗಂಡ ಸತ್ತವಳೂ ಗಂಡನನ್ನು ಬಿಟ್ಟವಳೂ ಮತ್ತೆ ಹಸಿರು ಬಳೆ ತೊಡುತ್ತಿದ್ದಳು, ಎಂಬ ಮಾತು ಅದು. ಈ ಮಾತು ಸುಳ್ಳಲ್ಲ. ಇದನ್ನು ಹೇಳಲೇಬೇಕಾದ ಕಾಲವೂ ಇತ್ತು. ಭಾರತೀಯ ಸಂಸ್ಕೃತಿ ಎಂದರೆ ಒಂದು ಹಿಡಿ ಜನರ ಮನೆಯ ಆಚಾರ ಎಂದು ಶಾಲೆಯ ಪುಸ್ತಕಗಳು ಕಲಿಸುತ್ತಿದ್ದಾಗ, ಇಲ್ಲ, ಈ ನೆಲದ ಬಹುಸಂಖ್ಯಾತರ ಬದುಕು ಬೇರೆ ಇತ್ತು ಎಂದು ತೋರಿಸಬೇಕಿತ್ತು. ಆದರೆ ಹೇಳಿದ ಮಾತನ್ನೇ ಹೇಳುತ್ತ ಹೋದರೆ ಅದು ವಿಮರ್ಶೆಯಾಗಿ ಉಳಿಯುವುದಿಲ್ಲ, ಭಜನೆಯಾಗುತ್ತದೆ. ಬಿಡುಗಡೆ ಇತ್ತು ಎಂದವರು ಮುಂದಿನ ಪ್ರಶ್ನೆಯನ್ನೂ ಕೇಳಬೇಕು. ಬಿಡುಗಡೆಯಾಗಿ ಹೊರಟ ಹೆಂಗಸಿನ ಕೈಯಲ್ಲಿ ಏನಿತ್ತು? ಇಬ್ಬರೂ ಕೂಡಿ ಕಟ್ಟಿದ ಗುಡಿಸಲು ಯಾರ ಪಾಲಾಯಿತು? ಇಬ್ಬರೂ ಕೂಡಿ ಉಂಡ ಸಾಲ ಯಾರ ತಲೆಗೆ ಬಿತ್ತು?

ಈ ಪ್ರಶ್ನೆಯನ್ನು ಕೇಳಲಿಕ್ಕೆ ಬೀದರ ಜಿಲ್ಲೆಗಿಂತ ತಕ್ಕ ಜಾಗ ಇನ್ನೊಂದಿಲ್ಲ. ಹುಮನಾಬಾದ ಮತ್ತು ಬಸವಕಲ್ಯಾಣದ ನಡುವಿನ ಈ ಸೀಮೆಯಲ್ಲಿ ಘಾಟಬೋರಾಳದಂಥ ಊರುಗಳ ಜನ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು ಕೇಳಿ ಬೆಳೆದವರು. 1948ರ ಸೆಪ್ಟೆಂಬರ್ ತನಕ ನಿಜಾಮನ ಆಳ್ವಿಕೆ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ. ಸುತ್ತ ಒಂದು ಕಡೆ ಕಲ್ಯಾಣಿಯ ನವಾಬರ ಜಹಗೀರು, ಇನ್ನೊಂದು ಕಡೆ ಚಿಟಗುಪ್ಪಾದ ಪಾಯಗಾ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದೂ ಕುಟುಂಬದ ಆಸ್ತಿಯನ್ನು ಹೇಗೆ ಪಾಲು ಮಾಡಬೇಕು ಎಂದು ಭಾರತದ ಬಹುಭಾಗಕ್ಕೆ ಹೇಳಿಕೊಟ್ಟ ಪುಸ್ತಕ ಬರೆಯಲಾದದ್ದು ಇಲ್ಲೇ, ಕಲ್ಯಾಣದಲ್ಲಿ.

2

ಕಲ್ಯಾಣ ಎಂದ ಕೂಡಲೇ ನಮಗೆ ಹನ್ನೆರಡನೆಯ ಶತಮಾನ ನೆನಪಾಗುತ್ತದೆ. ಬಸವಣ್ಣ, ಹರಳಯ್ಯ, ಮಧುವರಸ, ಜಾತಿ ಮೀರಿದ ಒಂದು ಮದುವೆ ಮತ್ತು ಆ ಮದುವೆಗೆ ತೆತ್ತ ರಕ್ತ. ಆದರೆ ಅದಕ್ಕೆ ಸುಮಾರು ಅರವತ್ತು ವರ್ಷ ಮುಂಚೆ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ, ಇದೇ ಊರಲ್ಲಿ ಕೂತು ವಿಜ್ಞಾನೇಶ್ವರ 'ಮಿತಾಕ್ಷರ' ಬರೆದ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. 1810ರಲ್ಲಿ ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ಅಧಿಕಾರಿ ಅದರ ದಾಯಭಾಗದ ಅಧ್ಯಾಯಗಳನ್ನು ಇಂಗ್ಲಿಷಿಗೆ ತಂದ ಮೇಲೆ ಅದು ಕಂಪನಿ ಸರ್ಕಾರದ ಕೋರ್ಟುಗಳಲ್ಲಿ ಕಾನೂನಾಗಿ ಕೂತಿತು. ಬಂಗಾಳ ಅಸ್ಸಾಮುಗಳನ್ನು ಬಿಟ್ಟರೆ ಬಹುತೇಕ ಎಲ್ಲ ಕಡೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿ ಎಂದರೆ ಮಿತಾಕ್ಷರದ ಆಸ್ತಿ. ಹುಟ್ಟಿನಿಂದಲೇ ಗಂಡುಮಗನಿಗೆ ಪಾಲು, ಸೊಸೆಯಾಗಿ ಬಂದವಳಿಗೆ ಊಟ ಬಟ್ಟೆ.

ಕಲ್ಯಾಣದ ಈ ಎರಡನೆಯ ಪರಂಪರೆಯನ್ನು ದಲಿತ ವಿಮರ್ಶೆ ಓದಿದ್ದು ಕಡಿಮೆ. ಸಂಸ್ಕೃತದ್ದು, ವೈದಿಕರದ್ದು, ನಮಗ್ಯಾಕ ಅಂತ ಬಿಟ್ಟದ್ದೇ ಹೆಚ್ಚು. ಓದಿದರೆ ನಾಲ್ಕು ಸಂಗತಿ ಕಾಣುತ್ತವೆ.

ಒಂದು, ಅಲ್ಲಿ ವಿಚ್ಛೇದನ ಎಂಬುದು ಇಲ್ಲ. ಇರುವುದು ಒಬ್ಬಳ ಮೇಲೆ ಇನ್ನೊಬ್ಬಳನ್ನು ತರುವುದು. ಹಾಗೆ ತಂದಾಗ ಮೊದಲಿನವಳಿಗೆ, ಎರಡನೆಯ ಮದುವೆಗೆ ಎಷ್ಟು ಖರ್ಚು ಮಾಡಿದನೋ ಅಷ್ಟು ಹಣ ಕೊಡಬೇಕು. ಮುಂಚೆಯೇ ಸ್ತ್ರೀಧನ ಕೊಟ್ಟಿದ್ದರೆ ಅರ್ಧ ಕೊಡಬೇಕು. ಎರಡು, ಸ್ತ್ರೀಧನದ ಅರ್ಥವನ್ನು ವಿಜ್ಞಾನೇಶ್ವರ ಹಿಗ್ಗಿಸಿದ. ಹೆಣ್ಣಿಗೆ ವಾರಸಿನಿಂದ, ಕ್ರಯದಿಂದ, ಪಾಲಿನಿಂದ ಬಂದದ್ದೂ ಸ್ತ್ರೀಧನವೇ ಎಂದ. ಇದನ್ನು ಮತ್ತೆ ಕುಗ್ಗಿಸಿದ್ದು ಲಂಡನ್ನಿನ ಪ್ರಿವಿ ಕೌನ್ಸಿಲ್ಲು. ಆದರೆ ಬರಗಾಲದಲ್ಲಿ, ರೋಗದಲ್ಲಿ, ಧರ್ಮಕಾರ್ಯದಲ್ಲಿ, ಸೆರೆ ಬಿದ್ದಾಗ ಗಂಡ ಹೆಂಡತಿಯ ಸ್ತ್ರೀಧನ ತೆಗೆದುಕೊಂಡರೆ ತಿರುಗಿ ಕೊಡಬೇಕಾಗಿಲ್ಲ ಎಂಬ ಮಾತೂ ಅಲ್ಲೇ ಇದೆ. ನಮ್ಮ ಸೀಮೆಯ ಬಡವರಿಗೆ ಬರಗಾಲ ಮತ್ತು ರೋಗ ಬಿಟ್ಟರೆ ಉಳಿದ ವರ್ಷ ಎಷ್ಟು?

ಮೂರನೆಯದು ನಮಗೆ ಬಹಳ ಮುಖ್ಯ. ಗಂಡನ ಸಾಲ ಹೆಂಡತಿ ತೀರಿಸಬೇಕಿಲ್ಲ, ಹೆಂಡತಿಯ ಸಾಲ ಗಂಡ ತೀರಿಸಬೇಕಿಲ್ಲ, ಕುಟುಂಬಕ್ಕಾಗಿ ಮಾಡಿದ ಸಾಲ ಮಾತ್ರ ಬೇರೆ ಎಂಬುದು ಸಾಮಾನ್ಯ ನಿಯಮ. ಆದರೆ ದನ ಕಾಯುವವರು, ಹೆಂಡ ಮಾರುವವರು, ಆಟ ಆಡುವವರು, ಬಟ್ಟೆ ಒಗೆಯುವವರು, ಬೇಟೆಗಾರರು, ಇವರ ಹೆಂಡಂದಿರು ಮಾಡಿದ ಸಾಲವನ್ನು ಗಂಡ ತೀರಿಸಲೇಬೇಕು ಎಂದು ಸ್ಮೃತಿ ಹೇಳುತ್ತದೆ. ಕಾರಣವನ್ನೂ ಕೊಡುತ್ತದೆ: ಆ ಗಂಡಂದಿರ ಜೀವನ ನಡೆಯುವುದು ಹೆಂಡಂದಿರ ದುಡಿಮೆಯಿಂದ. ಅಂದರೆ ದುಡಿಯುವ ಜಾತಿಗಳ ಮನೆ ನಿಂತಿರುವುದು ಹೆಣ್ಣಿನ ಮೇಲೆ ಎಂಬುದು ಶಾಸ್ತ್ರಕಾರನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದನ್ನು ಅವನು ಸಾಲ ವಸೂಲಿಗೆ ಬಳಸಿದ, ಪಾಲು ಹಂಚಲಿಕ್ಕೆ ಬಳಸಲಿಲ್ಲ. ಸಾಲಕೊಟ್ಟವನ ಹಣ ಮುಳುಗಬಾರದು ಎಂಬಲ್ಲಿಗೆ ಅವನ ನ್ಯಾಯ ನಿಂತಿತು.

ನಾಲ್ಕನೆಯದು ಸತ್ತವನ ಸಾಲದ್ದು. ಅವನ ಆಸ್ತಿ ತೆಗೆದುಕೊಂಡವನು ಅವನ ಸಾಲ ತೀರಿಸಬೇಕು. ಅವನ ಹೆಂಡತಿಯನ್ನು ತೆಗೆದುಕೊಂಡವನೂ ತೀರಿಸಬೇಕು. ಆಸ್ತಿ ಮತ್ತು ಹೆಂಡತಿ ಒಂದೇ ಸಾಲಿನಲ್ಲಿ! ಇದನ್ನು ಓದಿ ಬ್ರಾಹ್ಮಣ್ಯದ ಕ್ರೌರ್ಯ ಎಂದು ಬೆರಳು ತೋರಿಸುವುದು ಸುಲಭ. ಆದರೆ ಇದೇ ನಿಯಮ ನಮ್ಮ ಕುಲದ ಕಟ್ಟೆಯ ಮೇಲೆ ಬೇರೆ ವೇಷದಲ್ಲಿ ಕೂತಿತ್ತು ಎಂಬುದನ್ನು ಮುಂದೆ ನೋಡಲಿದ್ದೇವೆ.

3

ಪಾಲು ಮಾಡಬೇಕಾದರೆ ಮೊದಲು ಆಸ್ತಿ ಬೇಕಲ್ಲ? ಕೇರಿಯ ಆಸ್ತಿ ಏನಿತ್ತು?

ಬೀದರಿನ ಹೆಸರು ದಲಿತರ ಇತಿಹಾಸದಲ್ಲಿ ಒಂದು ವಿಶೇಷ ಕಾರಣಕ್ಕೆ ಬರುತ್ತದೆ. ಮಹಾರರಿಗೆ ಊರಿನ ಮೇಲೆ ಐವತ್ತೆರಡು ಹಕ್ಕುಗಳಿದ್ದವು, ಅವನ್ನು ಕೊಟ್ಟವರು ಬೀದರಿನ ಬಾದಶಹರು ಎಂಬ ನಂಬಿಕೆ ತಲೆಮಾರುಗಳಿಂದ ಬಂದಿದೆ. ಅಂಬೇಡ್ಕರರು 1948ರ ತಮ್ಮ ಅಸ್ಪೃಶ್ಯರ ಮೂಲ ಕುರಿತ ಗ್ರಂಥದಲ್ಲಿ ಇದನ್ನು ಎತ್ತಿಕೊಳ್ಳುತ್ತಾರೆ. ಮನೆಮನೆಯಿಂದ ರೊಟ್ಟಿ ಎತ್ತುವ ಹಕ್ಕು, ಸುಗ್ಗಿಯಲ್ಲಿ ಕಾಳು ಎತ್ತುವ ಹಕ್ಕು, ಸತ್ತ ದನದ ಹಕ್ಕು ಅವುಗಳಲ್ಲಿ ಮುಖ್ಯವಾದವು. ಇದರ ಜೊತೆಗೆ ಮರಾಠಿ ಸೀಮೆಯಲ್ಲಿ ಹಾಡಕಿ ಹಾಡೋಳಾ ಎನ್ನುವ ಇನಾಂ ತುಂಡುಭೂಮಿ. ಕನ್ನಡದ ಹೊಲೆಯ ಮಾದಿಗರಿಗೆ ಆಯ, ಮಾನ್ಯ. ಹೆಸರು ಬೇರೆ, ಹಣೆಬರಹ ಒಂದೇ. ಊರಿನ ಬಿಟ್ಟಿ ಚಾಕರಿಗೆ ಪ್ರತಿಯಾಗಿ ಕೊಟ್ಟ ತುಣುಕನ್ನು ಹಕ್ಕು ಎಂದು ಕರೆಯಲಾಯಿತು.

ಈ ಹಕ್ಕನ್ನು ಕೇರಿಯ ಮನೆತನಗಳು ಪಾಳಿಯಂತೆ ಹಂಚಿಕೊಳ್ಳುತ್ತಿದ್ದವು. ಅಣ್ಣತಮ್ಮಂದಿರು ಬೇರೆಯಾದರೆ ಪಾಳಿ ಒಡೆಯುತ್ತದೆ. ಆದರೆ ಗಂಡ ಹೆಂಡತಿ ಬೇರೆಯಾದರೆ ಒಡೆಯುವುದಿಲ್ಲ, ಯಾಕಂದರೆ ಪಾಳಿ ಗಂಡಿನ ವಂಶದ್ದು. ಬುಟ್ಟಿ ಹಿಡಿದು ಊರ ಬಾಗಿಲಲ್ಲಿ ರೊಟ್ಟಿಗೆ ನಿಂತವಳು ಹೆಂಗಸು, ಕಣದಲ್ಲಿ ಉದುರಿದ ಕಾಳು ಬಳಿದವಳು ಹೆಂಗಸು, ಬಾಣಂತನಕ್ಕೆ ಹೋದವಳು, ಸತ್ತ ಮನೆಗೆ ಸುದ್ದಿಯ ಹಿಂದೆ ಓಡಿದವಳು ಹೆಂಗಸು. ಹಕ್ಕು ಅವನ ಹೆಸರಲ್ಲಿ, ಹಕ್ಕಿನ ಅವಮಾನ ಅವಳ ಮೈಮೇಲೆ. ಊರು ಕೇರಿಗೆ ಮಾಡಿದ್ದನ್ನು ಕೇರಿ ತನ್ನ ಹೆಂಗಸಿಗೆ ಮಾಡಿತು. ಈ ಮಾತು ನಮಗೆ ಚುಚ್ಚುತ್ತದೆ. ಚುಚ್ಚಲಿ.

ನಿಜಾಮ ರಾಜ್ಯ ಮುಗಿದ ಮೇಲೆ 1949ರಲ್ಲಿ ಜಹಗೀರುಗಳು ರದ್ದಾದವು, 1955ರಲ್ಲಿ ಇನಾಂ ರದ್ದತಿಯ ಕಾನೂನು ಬಂತು. 1974ರ ಭೂಸುಧಾರಣೆ, 1978ರಲ್ಲಿ ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆ ತಡೆಯುವ ಕಾನೂನು. ಹೀಗೆ ಭೂಮಿ ಸ್ವಲ್ಪವಾದರೂ ಕೇರಿಯ ಕಡೆ ಹರಿದದ್ದು ಹೌದು. ಹರಿದದ್ದು ಪಹಣಿಯ ಒಂಬತ್ತನೆಯ ಕಾಲಮ್ಮಿಗೆ, ಅಲ್ಲಿ ಬರೆದದ್ದು ಸಾಮಾನ್ಯವಾಗಿ ಮನೆಯ ಯಜಮಾನನ ಹೆಸರು. 1978ರ ಕಾನೂನಿನಂತೆ ಕೈತಪ್ಪಿದ ಭೂಮಿ ತಿರುಗಿ ಬಂದರೆ ಅದು ಮಂಜೂರಾತಿ ಪಡೆದವನಿಗೆ ಅಥವಾ ಅವನ ವಾರಸುದಾರರಿಗೆ. ವಿಚ್ಛೇದನವಾದ ಹೆಂಡತಿ ವಾರಸುದಾರಳಲ್ಲ. ಅದೇ ಭೂಮಿಯ ಕಲ್ಲನ್ನು ಆಯ್ದು ಹೊರಗೆ ಹಾಕಿದವಳು ಅವಳಾದರೂ ಅಷ್ಟೆ.

4

ಇನ್ನು ಬಿಡುಗಡೆಯ ಮಾತಿಗೆ ಬರೋಣ. ಈ ಸೀಮೆಯಲ್ಲಿ ಅದಕ್ಕೆ ಎಷ್ಟು ಹೆಸರು! ಕನ್ನಡದ ಬಿಡುಗಡಿ, ಮರಾಠಿಯಿಂದ ಬಂದ ಸೋಡಚೀಟಿ, ಕಡ್ಡಿ ಮುರಿಯುವ ಕಾಡಿಮೋಡ, ಉರ್ದುವಿನ ಫಾರಕತ್. ಈ ಕೊನೆಯ ಮಾತು ಕುತೂಹಲದ್ದು. ಮರಾಠಿಯಲ್ಲಿ ಫಾರಕತ್ ಎಂದರೆ ಗಂಡ ಹೆಂಡಿರ ಬಿಡುಗಡೆಯ ಪತ್ರ. ಅದೇ ಮಾತು ದಕ್ಷಿಣದ ಕನ್ನಡದಲ್ಲಿ ಪಾಲು ಪಾರಿಕತ್ತು ಆಗಿ ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವ ಪತ್ರವಾಯಿತು. ಎರಡಕ್ಕೂ ಮೂಲ ಒಂದೇ, ಋಣ ತೀರಿತು ಎಂದು ಬರೆದುಕೊಡುವ ಕಾಗದ. ಗಂಡಸರು ಬೇರೆಯಾದರೆ ಪಾರಿಕತ್ತಿನಲ್ಲಿ ಹೊಲ, ಮನೆ, ಎತ್ತು, ಸಾಲ ಎಲ್ಲಾ ಸಾಲುಸಾಲಾಗಿ ಬರುತ್ತವೆ. ಹೆಂಗಸು ಬೇರೆಯಾದರೆ ಫಾರಕತ್ತಿನಲ್ಲಿ ಬರುವುದು ಒಂದೇ ವಾಕ್ಯ: ಇನ್ನು ಮೇಲೆ ಇಬ್ಬರಿಗೂ ಸಂಬಂಧ ಇಲ್ಲ. ಒಂದೇ ಶಬ್ದದಿಂದ ಹುಟ್ಟಿದ ಎರಡು ಕಾಗದಗಳಲ್ಲಿ ಒಂದಕ್ಕೆ ಪಟ್ಟಿ ಇದೆ, ಇನ್ನೊಂದಕ್ಕೆ ಇಲ್ಲ. ನಮ್ಮ ಇತಿಹಾಸ ಇರುವುದು ಆ ಇಲ್ಲದ ಪಟ್ಟಿಯಲ್ಲಿ.

1920ರಲ್ಲಿ ಸೈಯದ್ ಸಿರಾಜುಲ್ ಹಸನ್ ನಿಜಾಮ ಸಂಸ್ಥಾನದ ಜಾತಿ ಬುಡಕಟ್ಟುಗಳ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದರು. ಜಾತಿಯ ನಂತರ ಜಾತಿ ತೆಗೆದುಕೊಂಡು ಅಲ್ಲಿ ಬಿಡುಗಡೆ ಉಂಟೆ, ಮರುಮದುವೆ ಉಂಟೆ ಎಂದು ಅದು ದಾಖಲಿಸುತ್ತದೆ. ಕೆಳಜಾತಿಗಳಲ್ಲಿ ಬಹುಮಟ್ಟಿಗೆ ಉಂಟು. ಅಂಥ ಗ್ರಂಥಗಳ ಕಣ್ಣು ಇದ್ದದ್ದು ವಿಧಿಯ ಮೇಲೆ: ಬಳೆ, ಸೀರೆ, ಕತ್ತಲ ರಾತ್ರಿ, ಪಂಚರ ಅಪ್ಪಣೆ. ಮದುವೆಯ ಖರ್ಚು ಎಲ್ಲಿಂದ ಬಂತು ಎಂಬುದು ಆ ಕಣ್ಣಿಗೆ ದೊಡ್ಡ ವಿಷಯವಾಗಿರಲಿಲ್ಲ.

ಎಲ್ಲಿಂದ ಬಂತು? ಗೌಡ ಕುಲಕರ್ಣಿಗಳ ಮನೆಯಿಂದ, ಸಾಹುಕಾರನ ಮನೆಯಿಂದ. ಮದುವೆಗೆ ತಂದ ಸಾಲಕ್ಕೆ ಗಂಡಾಳು ಜೀತಕ್ಕೆ ನಿಲ್ಲುತ್ತಾನೆ. ಈ ಗಡಿಸೀಮೆಯಲ್ಲಿ ಅವನನ್ನು ಸಾಲಗಡಿ ಎನ್ನುತ್ತಾರೆ. ಮರಾಠಿಯಲ್ಲಿ ಸಾಲ ಎಂದರೆ ವರ್ಷ, ವರ್ಷದ ಆಳು ಸಾಲಗಡಿ. ಕನ್ನಡದ ಕಿವಿಗೆ ಅದು ಸಾಲದ ಆಳು ಎಂದೇ ಕೇಳಿಸುತ್ತದೆ, ಮತ್ತು ಕನ್ನಡದ ಕಿವಿ ಕೇಳಿಸಿಕೊಂಡದ್ದೇ ಸತ್ಯಕ್ಕೆ ಹತ್ತಿರ. ಒಂದು ವರ್ಷದ ಆಳುತನ ಬಡ್ಡಿಯ ಜೊತೆ ಹತ್ತು ವರ್ಷಕ್ಕೆ ಹೋಗುತ್ತದೆ. ಭಗೇಲಾ ಎಂದು ಕರೆಯುತ್ತಿದ್ದ ಇಂಥ ಕರಾರುಗಳಿಗೆ ಕಡಿವಾಣ ಹಾಕಲು ಹೈದರಾಬಾದ ಸರ್ಕಾರ 1943ರಲ್ಲೇ ಒಂದು ನಿಬಂಧನೆ ತಂದಿತ್ತು. ಜೀತಪದ್ಧತಿ ರದ್ದತಿ ಕಾನೂನು ದೇಶಕ್ಕೆಲ್ಲ ಬಂದದ್ದು 1976ರಲ್ಲಿ. ಆ ಕಾನೂನಿನ ವ್ಯಾಖ್ಯೆಯನ್ನು ನಿಧಾನವಾಗಿ ಓದಬೇಕು. ಸಾಲಗಾರ ತಾನೇ ದುಡಿಯಲಿ, ಅವನ ಕುಟುಂಬದವರು ದುಡಿಯಲಿ, ಅವನನ್ನು ನಂಬಿದವರು ದುಡಿಯಲಿ, ಎಲ್ಲವೂ ಜೀತವೇ ಎನ್ನುತ್ತದೆ. ಅಂದರೆ ಗಂಡನ ಸಾಲವನ್ನು ಹೆಂಡತಿಯ ಮೈ ತೀರಿಸುತ್ತಿತ್ತು ಎಂಬುದನ್ನು ಸರ್ಕಾರವೇ ಒಪ್ಪಿಕೊಂಡಂತಾಯಿತು. ಗಂಡ ಸಾಹುಕಾರನ ಹೊಲದಲ್ಲಿ, ಹೆಂಡತಿ ಅದೇ ಸಾಹುಕಾರನ ಕೊಟ್ಟಿಗೆಯ ಕಸ ಬಳಿಯುವಲ್ಲಿ. ಅವನ ದುಡಿಮೆ ಲೆಕ್ಕದ ವಹಿಯಲ್ಲಿ ಏರಿತು, ಅವಳದ್ದು ಏರಲಿಲ್ಲ.

ಈಗ ಉಡಿಕಿಯನ್ನು ಈ ಸಾಲದ ಪಕ್ಕದಲ್ಲಿಟ್ಟು ನೋಡಿ. ಬಿಟ್ಟುಹೋದ ಹೆಂಗಸನ್ನು ಕೂಡಿಕೊಂಡ ಹೊಸ ಗಂಡ, ಹಳೆಯ ಗಂಡನಿಗೆ ಮದುವೆಯ ಖರ್ಚು ತುಂಬಿಕೊಡಬೇಕೆಂಬ ಪದ್ಧತಿ ದಖ್ಖನದ ಅನೇಕ ಜಾತಿಗಳಲ್ಲಿತ್ತು. ಸುಧಾರಕರು ಇದನ್ನು ಹೆಣ್ಣು ಮಾರಾಟ ಎಂದು ಜರೆದರು. ನಮ್ಮವರು, ಅಲ್ಲ, ಅದು ಸ್ವಾತಂತ್ರ್ಯ ಎಂದರು. ಎರಡೂ ಅರ್ಧ ಮಾತು. ಹಳೆಯ ಗಂಡ ಇನ್ನೂ ಆ ಮದುವೆಯ ಸಾಲಕ್ಕೆ ಜೀತ ಮಾಡುತ್ತಿದ್ದಾನೆ; ಮದುವೆ ಹೋಯಿತು, ಸಾಲ ಉಳಿಯಿತು. ಹೊಸ ಗಂಡ ತುಂಬುವ ಹಣ ಆ ಸಾಲವನ್ನು ಇಳಿಸುತ್ತದೆ. ಆ ಮಟ್ಟಿಗೆ ಇದು ಒಬ್ಬ ಬಡವನಿಂದ ಇನ್ನೊಬ್ಬ ಬಡವನಿಗೆ ಸಾಲದ ವರ್ಗಾವಣೆ. ಕುಲದ ಪಂಚರು ಸಾಲವನ್ನು ಮರೆತಿರಲಿಲ್ಲ, ಅವರ ನ್ಯಾಯದ ಬುದ್ಧಿ ಸಣ್ಣದೂ ಅಲ್ಲ. ಆದರೆ ಈ ವರ್ಗಾವಣೆಯಲ್ಲಿ ಸಾಲ ಪ್ರಯಾಣ ಮಾಡಿದ್ದು ಹೆಂಗಸಿನ ತಲೆಯ ಮೇಲೆ ಕೂತು. ಅವಳು ಐದು ವರ್ಷ ಆ ಮನೆಯಲ್ಲಿ ಕೂಲಿ ಮಾಡಿ ತಂದದ್ದನ್ನು ಖರ್ಚಿನಲ್ಲಿ ಕಳೆಯುವ ಪದ್ಧತಿ ಇರಲಿಲ್ಲ. ಯಾಜ್ಞವಲ್ಕ್ಯ ಹೇಳಿದ್ದೇನು? ಹೆಂಡತಿಯನ್ನು ತೆಗೆದುಕೊಂಡವನು ಸಾಲವನ್ನೂ ತೆಗೆದುಕೊಳ್ಳಲಿ. ಕೇರಿಗೂ ಅಗ್ರಹಾರಕ್ಕೂ ಇದ್ದ ಗೋಡೆ ಎಷ್ಟೇ ಎತ್ತರವಾಗಿದ್ದರೂ ಈ ಒಂದು ತತ್ವ ಗೋಡೆಯ ಎರಡೂ ಕಡೆ ಬೆಳೆದಿತ್ತು.

ಗಂಡಿನ ಕಡೆಯವರು ತೆರ ಕೊಟ್ಟು ಹೆಣ್ಣು ತರುತ್ತಿದ್ದ ಕಾಲ ಹೋಗಿ ಹೆಣ್ಣಿನ ಕಡೆಯವರು ವರದಕ್ಷಿಣೆ ಕೊಡುವ ಕಾಲ ಬಂತು. ಆಗ ಸಾಲವೂ ಮನೆ ಬದಲಿಸಿತು, ಗಂಡನಿಂದ ಮಾವನಿಗೆ. 1961ರ ವರದಕ್ಷಿಣೆ ನಿಷೇಧ ಕಾನೂನು, ಕೊಟ್ಟದ್ದು ಹೆಣ್ಣಿಗೇ ಸೇರಬೇಕು ಎನ್ನುತ್ತದೆ. 1985ರಲ್ಲಿ ಸುಪ್ರೀಂ ಕೋರ್ಟು ಸ್ತ್ರೀಧನ ಹೆಂಡತಿಯ ಸಂಪೂರ್ಣ ಸ್ವತ್ತು, ಗಂಡನ ಕೈಯಲ್ಲಿ ಅದು ಬರೀ ನಂಬಿಗೆಯ ಒತ್ತೆ ಎಂದಿತು. ಒಳ್ಳೆಯದು. ಆದರೆ ಮಗಳ ಮದುವೆಗೆ ಕೊಟ್ಟ ಬೆಳ್ಳಿ ಮೊದಲ ಬರಗಾಲದಲ್ಲೇ ಅಡವಿಗೆ ಹೋಗಿ ಅಲ್ಲೇ ಕರಗಿರುತ್ತದೆ. ಬೆಳ್ಳಿ ಇಲ್ಲ, ಅಪ್ಪನ ಸಾಲ ಇದೆ.

5

ಇಲ್ಲಿಗೆ ಒಂದು ಪ್ರಶ್ನೆ ಏಳುತ್ತದೆ. ಬಿಡುಗಡೆ ಪದ್ಧತಿಯಲ್ಲೇ ಇದ್ದರೆ ದಲಿತ ಹೆಂಗಸರಿಗೆ ಕಾನೂನಿನ ವಿಚ್ಛೇದನ ಯಾಕೆ ಬೇಕಿತ್ತು? ಬೇಕಿತ್ತು ಎಂದು ಅವರೇ ಹೇಳಿದ್ದಾರೆ. 1942ರ ಜುಲೈ 20ರಂದು ನಾಗಪುರದಲ್ಲಿ ಸುಲೋಚನಾಬಾಯಿ ಡೋಂಗ್ರೆಯವರ ಅಧ್ಯಕ್ಷತೆಯಲ್ಲಿ ನಡೆದ ಅಖಿಲ ಭಾರತ ದಲಿತ ವರ್ಗಗಳ ಮಹಿಳಾ ಸಮ್ಮೇಳನ, ಹೆಣ್ಣಿಗೆ ವಿಚ್ಛೇದನದ ಹಕ್ಕನ್ನು ಕಾನೂನು ಮಾನ್ಯ ಮಾಡಬೇಕು, ಬಹುಪತ್ನಿತ್ವ ನಿಲ್ಲಬೇಕು ಎಂದು ನಿರ್ಣಯ ಮಾಡಿತು. ಅಂಬೇಡ್ಕರರು ಆ ಸಭೆಯಲ್ಲಿದ್ದರು. ಪದ್ಧತಿಯ ಬಿಡುಗಡೆ ಪಂಚರ ಕೈಯಲ್ಲಿತ್ತು, ಪಂಚರು ಗಂಡಸರು. ಹಕ್ಕಾಗಿ ಸಿಗುವುದಕ್ಕೂ ಅಪ್ಪಣೆಯಾಗಿ ಸಿಗುವುದಕ್ಕೂ ಇರುವ ವ್ಯತ್ಯಾಸವನ್ನು ಆ ಹೆಂಗಸರು ನಮ್ಮ ಎಷ್ಟೋ ವಿಮರ್ಶಕರಿಗಿಂತ ಮುಂಚೆ ಕಂಡಿದ್ದರು.

ಹಿಂದೂ ಕೋಡ್ ಬಿಲ್ಲಿನ ಚರ್ಚೆಯಲ್ಲಿ ಅಂಬೇಡ್ಕರರು ಪದ್ಧತಿಯನ್ನೇ ಅಸ್ತ್ರ ಮಾಡಿಕೊಂಡರು. ಹಿಂದೂಗಳಲ್ಲಿ ಬಹುಸಂಖ್ಯಾತರು ಶೂದ್ರರು, ಅವರಲ್ಲಿ ವಿಚ್ಛೇದನ ಮೊದಲಿಂದಲೂ ಇದೆ, ಹಾಗಿರುವಾಗ ವಿಚ್ಛೇದನ ಬಂದರೆ ಧರ್ಮ ಮುಳುಗುತ್ತದೆ ಎನ್ನುವವರು ಯಾರ ಧರ್ಮದ ಮಾತಾಡುತ್ತಿದ್ದಾರೆ ಎಂದು ಕೇಳಿದರು. ಅದೇ ಬಿಲ್ಲಿನಲ್ಲಿ ಅವರು ಇನ್ನೊಂದು ಕಡೆಯಿಂದಲೂ ಹೊಡೆದಿದ್ದರು. ಹುಟ್ಟಿನಿಂದ ಗಂಡಿಗೆ ಹಕ್ಕು ಎಂಬ ಮಿತಾಕ್ಷರದ ಬೇರನ್ನೇ ಕೀಳುವುದು, ಮಗಳಿಗೆ ಪಾಲು ಕೊಡುವುದು, ಹೆಣ್ಣಿನ ಆಸ್ತಿಯನ್ನು ಪೂರ್ಣ ಆಸ್ತಿ ಮಾಡುವುದು. ವಿಚ್ಛೇದನ ಮತ್ತು ಆಸ್ತಿ ಒಂದೇ ಬಿಲ್ಲಿನಲ್ಲಿ ಕೂಡಿಯೇ ಇದ್ದವು ಎಂಬುದನ್ನು ಗಮನಿಸಬೇಕು. ಬಿಲ್ಲು ಬಿತ್ತು, 1951ರ ಸೆಪ್ಟೆಂಬರಿನಲ್ಲಿ ಅವರು ಮಂತ್ರಿಗಿರಿ ಬಿಟ್ಟರು. ಮುಂದೆ ಬಂದದ್ದು ತುಂಡು ತುಂಡಾಗಿ. 1955ರಲ್ಲಿ ಮದುವೆಯ ಕಾನೂನು, 1956ರಲ್ಲಿ ವಾರಸಿನ ಕಾನೂನು. ವಿಚ್ಛೇದನ ಒಂದು ಪುಸ್ತಕಕ್ಕೆ, ಆಸ್ತಿ ಇನ್ನೊಂದು ಪುಸ್ತಕಕ್ಕೆ ಹೋದವು, ಎರಡರ ನಡುವೆ ಹೆಂಡತಿ ಬಿದ್ದಳು. ಮಿತಾಕ್ಷರದ ಅವಿಭಕ್ತ ಆಸ್ತಿಯನ್ನು 1956ರ ಕಾನೂನು ಉಳಿಸಿಕೊಂಡಿತು. ಬೀದರ ಜಿಲ್ಲೆ ಕನ್ನಡ ರಾಜ್ಯಕ್ಕೆ ಬಂದ ಅದೇ ವರ್ಷ ಕಲ್ಯಾಣದ ಪುಸ್ತಕಕ್ಕೆ ದೆಹಲಿಯಲ್ಲಿ ಮರುಜೀವ ಸಿಕ್ಕಿತು.

ಮಗಳ ವಿಷಯದಲ್ಲಿ ಕರ್ನಾಟಕ ಕೆಲವು ರಾಜ್ಯಗಳೊಂದಿಗೆ ಮುಂದಿತ್ತು. 1994ರಲ್ಲಿ ಇಲ್ಲಿ ಜಾರಿಗೆ ಬಂದ ತಿದ್ದುಪಡಿ, 2005ರಲ್ಲಿ ಕೇಂದ್ರದ ತಿದ್ದುಪಡಿ, 2020ರಲ್ಲಿ ಅದನ್ನು ಗಟ್ಟಿ ಮಾಡಿದ ಸುಪ್ರೀಂ ಕೋರ್ಟಿನ ತೀರ್ಪು, ಇವುಗಳಿಂದ ಮಗಳು ಮಗನಂತೆ ಹುಟ್ಟಿನಿಂದ ಪಾಲುದಾರಳಾದಳು. ಅಪ್ಪನ ಮನೆಯಲ್ಲಿ ಆಸ್ತಿ ಇದ್ದವಳಿಗೆ ಇದು ದೊಡ್ಡದು. ಅಪ್ಪನೂ ಕೂಲಿ, ಗಂಡನೂ ಕೂಲಿ ಆದವಳಿಗೆ ಇರುವುದು ತಾನೂ ಗಂಡನೂ ಕೂಡಿ ಗಳಿಸಿದ್ದು ಮಾತ್ರ. ಆ ಗಳಿಕೆಯ ಬಗ್ಗೆ ಕಾನೂನು ಏನನ್ನುತ್ತದೆ?

6

ಬಹಳ ಕಡಿಮೆ ಅನ್ನುತ್ತದೆ. 1955ರ ಕಾನೂನಿನ 27ನೆಯ ಕಲಮು, ಮದುವೆಯ ಹೊತ್ತಿನಲ್ಲಿ ಇಬ್ಬರಿಗೂ ಸೇರಿದಂತೆ ಬಂದ ಉಡುಗೊರೆಯ ಸ್ವತ್ತಿನ ಬಗ್ಗೆ ಕೋರ್ಟು ತೀರ್ಮಾನ ಮಾಡಬಹುದು ಎನ್ನುತ್ತದೆ. ಹಂಡೆ, ಕೊಡ, ಮಂಚ. ಮದುವೆಯ ನಂತರ ಇಬ್ಬರೂ ದುಡಿದು ಕಟ್ಟಿದ ಮನೆಯ ಬಗ್ಗೆ ಅದು ಮಾತಾಡುವುದಿಲ್ಲ. 25ನೆಯ ಕಲಮು ಜೀವನಾಂಶ ಕೊಡಿಸುತ್ತದೆ, ಆದರೆ ಮರುಮದುವೆಯಾದರೆ ಅದನ್ನು ರದ್ದು ಮಾಡಲು ಬರುತ್ತದೆ. ಜೀವನಾಂಶ ಬೇರೆ, ಪಾಲು ಬೇರೆ. ಜೀವನಾಂಶ ಗಂಡ ಕೊಡುವುದು, ಪಾಲು ಅವಳದ್ದೇ ಆದದ್ದು. ಗಂಡ ಸತ್ತರೆ ಹೆಂಡತಿ ಮೊದಲ ವರ್ಗದ ವಾರಸುದಾರಳು. ಗಂಡ ಬಿಟ್ಟರೆ ಅವಳಿಗೆ ಏನೂ ಇಲ್ಲ. ಗಂಡನ ಸ್ಥಿರಾಸ್ತಿಯಲ್ಲಿ ಪಾಲು ಕೊಡಿಸುವ ತಿದ್ದುಪಡಿ ಮಸೂದೆಯೊಂದು 2010ರಲ್ಲಿ ಮಂಡನೆಯಾಗಿ 2013ರಲ್ಲಿ ರಾಜ್ಯಸಭೆ ದಾಟಿತು, ಲೋಕಸಭೆ ದಾಟದೆ ಬಿದ್ದುಹೋಯಿತು. ಗೋವಾದಲ್ಲಿ, 1867ರ ಪೋರ್ಚುಗೀಸ್ ಸಂಹಿತೆಯ ಬಲದಿಂದ, ಗಂಡ ಹೆಂಡಿರ ಆಸ್ತಿಯೂ ಸಾಲವೂ ಸಮಸಮ ಎಂಬ ತತ್ವ ನಿಂತಿದೆ.

ಪದ್ಧತಿಯ ಬಿಡುಗಡೆಯನ್ನು 29ನೆಯ ಕಲಮು ಉಳಿಸಿದೆ. ಇದು ನಮ್ಮ ಗೆಲುವು ಎಂದು ಹೇಳುವವರಿದ್ದಾರೆ. ಆದರೆ 2002ರಲ್ಲಿ ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪದ್ಧತಿ ಇದೆ ಎನ್ನುವವರು ಅದನ್ನು ಸ್ಪಷ್ಟವಾಗಿ ಹೇಳಿ, ಸಾಕ್ಷಿಯಿಂದ ರುಜುವಾತು ಮಾಡಬೇಕು ಎಂದಿತು. ಮನೆತನದ ಚರಿತ್ರೆಯನ್ನು ಬರೆದಿಡಲಿಕ್ಕೆ ಅಕ್ಷರವೇ ಸಿಗದ ಜನ ತಮ್ಮ ಪದ್ಧತಿಗೆ ಯಾವ ದಾಖಲೆ ತರಬೇಕು? ರುಜುವಾತಾಗದಿದ್ದರೆ ಸೋಡಚೀಟಿ ಬರೀ ಕಾಗದ, ಉಡಿಕಿಯ ಗಂಡ ಕಾನೂನಿನ ಕಣ್ಣಲ್ಲಿ ಗಂಡನಲ್ಲ, ಅವನು ಸತ್ತರೆ ಅವಳು ವಿಧವೆಯೂ ಅಲ್ಲ. ಕೋರ್ಟಿಗೇ ಹೋಗೋಣ ಎಂದರೆ, 2008ರಲ್ಲಿ ಗುಲ್ಬರ್ಗದಲ್ಲಿ ಸಂಚಾರಿ ಪೀಠ ಬರುವ ತನಕ ಈ ಸೀಮೆಯ ಹೆಂಗಸಿಗೆ ಹೈಕೋರ್ಟು ಎಂದರೆ ಬೆಂಗಳೂರು.

ಈಗ ಸಾಲಕ್ಕೆ ಬರೋಣ. ಸಾಲ ಹಂಚುವ ಕಲಮು ಈ ಯಾವ ಕಾನೂನಿನಲ್ಲೂ ಇಲ್ಲ. ಹಿಂದೆ ಸಾಲ ಗಂಡಿನ ಹೆಸರಲ್ಲಿ ಇತ್ತು, ದುಡಿಮೆ ಇಬ್ಬರದ್ದೂ. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಸಾಲ ಹೆಣ್ಣಿನ ಹೆಸರಿಗೆ ಬಂದಿದೆ. 2000ದಲ್ಲಿ ಆರಂಭವಾದ ಸ್ತ್ರೀಶಕ್ತಿ ಸಂಘಗಳು, ಅವುಗಳ ಬೆನ್ನಿಗೆ ಮನೆ ಬಾಗಿಲಿಗೆ ಬಂದ ಮೈಕ್ರೋ ಫೈನಾನ್ಸು ಕಂಪನಿಗಳು. 2022ರ ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ವರ್ಷಕ್ಕೆ 3 ಲಕ್ಷ ರೂಪಾಯಿ ತನಕ ಆದಾಯ ಇರುವ ಕುಟುಂಬಕ್ಕೆ ಒತ್ತೆಯಿಲ್ಲದ ಈ ಸಾಲ. ಕಂತುಗಳೆಲ್ಲ ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧ ಮೀರಬಾರದು. ಕುಟುಂಬ ಎಂದರೆ ಯಾರು? ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಎಂದು ಅಲ್ಲೇ ಬರೆದಿದೆ. ಸಾಲ ಅಳೆಯುವುದು ಇಬ್ಬರ ಗಳಿಕೆಯಿಂದ, ಸಹಿ ಹೆಚ್ಚಾಗಿ ಹೆಂಡತಿಯದ್ದು. ಹಣ ಹೋದದ್ದು ಬೋರಿಗೆ, ಮೋಟರ್ ಸೈಕಲ್ಲಿಗೆ, ನಾದಿನಿಯ ಮದುವೆಗೆ. ಸಂಸಾರ ಒಡೆದ ದಿನ ಕುಟುಂಬ ಮಾಯವಾಗುತ್ತದೆ, ಸಹಿ ಉಳಿಯುತ್ತದೆ. ಬೋರು ಅವನ ಹೊಲದಲ್ಲಿ, ಕಂತು ಅವಳ ಪಾಸ್‌ಬುಕ್ಕಿನಲ್ಲಿ. ಅವಳು ತವರಿಗೆ ಹೋದರೆ ಗುಂಪಿನ ಉಳಿದ ಹೆಂಗಸರು ಕಟ್ಟಬೇಕು, ಹಾಗಾಗಿ ಅವಳನ್ನು ಹೋಗಗೊಡದೆ ತಡೆಯುವವರೂ ಅವಳಂಥವರೇ. 2025ರಲ್ಲಿ ಕರ್ನಾಟಕ ಸರ್ಕಾರ ವಸೂಲಿಯ ದಬ್ಬಾಳಿಕೆಯ ವಿರುದ್ಧ ಕಾನೂನು ತಂದಿತು. ಬೇಕಾದದ್ದೇ. ಆದರೆ ಅದು ಸಾಲಕೊಟ್ಟವನಿಗೂ ಸಾಲಗಾರಳಿಗೂ ನಡುವಿನ ಕಾನೂನು, ಗಂಡನಿಗೂ ಹೆಂಡತಿಗೂ ನಡುವಿನದ್ದಲ್ಲ.

ಗಡಿಯಾಚೆಯ ಮರಾಠವಾಡಾದಲ್ಲಿ ಕಬ್ಬು ಕಡಿಯಲು ಹೋಗುವವರನ್ನು ಕೋಯ್ತಾ ಎಂದು ಎಣಿಸುತ್ತಾರೆ. ಒಂದು ಕೋಯ್ತಾ ಎಂದರೆ ಒಂದು ಗಂಡು ಒಂದು ಹೆಣ್ಣು, ಜೋಡಿ. ಉಚಲ್ ಎಂಬ ಮುಂಗಡ ಜೋಡಿಗೆ, ಎಣಿಸಿಕೊಳ್ಳುವವನು ಗಂಡ. ನಡುವೆ ಜೋಡಿ ಮುರಿದರೆ ಮುಕಾದಮನ ವಹಿಯಲ್ಲಿ ಸಾಲ ಮುರಿಯುವುದಿಲ್ಲ. ಯಾಜ್ಞವಲ್ಕ್ಯನ ದನಗಾಹಿ, ಅಗಸ, ಬೇಟೆಗಾರರ ಪಟ್ಟಿಯ ಕೊನೆಗೆ ಇವರನ್ನೂ ಸೇರಿಸಬಹುದು.

ಹೆಣ್ಣಿನ ಹೆಸರಿಗೆ ಆಸ್ತಿ ಬಂದ ಕಡೆಯೂ ಸಾಲ ಬೆನ್ನು ಬಿಟ್ಟಿಲ್ಲ. ಅಂಬೇಡ್ಕರ್ ಅಭಿವೃದ್ಧಿ ನಿಗಮದ ಭೂ ಒಡೆತನ ಯೋಜನೆ ಭೂಮಿಯಿಲ್ಲದ ಪರಿಶಿಷ್ಟ ಜಾತಿಯ ಕೂಲಿ ಹೆಂಗಸರ ಹೆಸರಿಗೆ ಹೊಲ ಕೊಡಿಸುತ್ತದೆ, ಅರ್ಧ ಸಹಾಯಧನ, ಅರ್ಧ ಸಾಲ. ಇಂದಿರಾ ಆವಾಸ್ ಮನೆಗಳ ಹಕ್ಕುಪತ್ರ ಹೆಂಡತಿಯ ಹೆಸರಿಗೆ ಅಥವಾ ಇಬ್ಬರ ಹೆಸರಿಗೆ ಇರಬೇಕೆಂಬ ನಿಯಮವಿತ್ತು. ಇವು ದೊಡ್ಡ ಬದಲಾವಣೆಗಳು. ಕೇರಿಯ ಚರಿತ್ರೆಯಲ್ಲಿ ಮೊದಲ ಸಲ, ಮನೆ ಬಿಟ್ಟು ಹೋಗು ಎಂದಾಗ ನೀನೇ ಹೋಗು ಎನ್ನಲು ಕಾಗದ ಸಿಕ್ಕಿದೆ. ಆ ಕಾಗದ ಟ್ರಂಕಿನಲ್ಲಿದೆಯೋ, ಟ್ರಂಕಿನ ಕೀಲಿ ಯಾರ ಉಡಿದಾರದಲ್ಲಿದೆಯೋ, ಅದು ಇನ್ನೊಂದು ಜಗಳ.

7

ದಲಿತ ವಿಮರ್ಶೆ ಇಷ್ಟು ದಿನ ಹೊರಗಿನ ಲೆಕ್ಕ ಕೇಳಿದೆ. ನಮ್ಮ ಭೂಮಿ ಯಾರು ನುಂಗಿದರು, ನಮ್ಮ ಬೆವರು ಯಾರು ಕುಡಿದರು ಎಂಬ ಲೆಕ್ಕ. ಆ ಲೆಕ್ಕ ಇನ್ನೂ ಬಾಕಿ ಇದೆ, ಕೇಳುವುದನ್ನು ಬಿಡಲಿಕ್ಕಾಗುವುದಿಲ್ಲ. ಆದರೆ ಮನೆಯೊಳಗಿನ ಲೆಕ್ಕ ಎತ್ತಿದರೆ ಚಳವಳಿ ಒಡೆಯುತ್ತದೆ ಎಂಬ ವಾದವನ್ನು ಒಪ್ಪಲಾಗದು. ಒಳಗಿನದನ್ನು ಹೊರಗೆ ಹೇಳಬಾರದು ಎನ್ನುವುದು ಊರಿನ ಯಜಮಾನರ ಹಳೆಯ ಮಾತು, ನಾವು ಅದನ್ನು ಅವರಿಂದ ಕಲಿಯಬೇಕಾಗಿಲ್ಲ. ಇದು ಒಂದು ಜಾತಿಯ ದೋಷವೂ ಅಲ್ಲ. ಇದೇ ಸೀಮೆಯ ಲಿಂಗಾಯತರ, ಮರಾಠರ ಮನೆಗಳಲ್ಲೂ ಬೇರೆಯಾದ ಸೊಸೆ ಬರಿಗೈಯವಳೇ. ಮುಸ್ಲಿಮರಲ್ಲಿ ಮೆಹರ್ ಗಂಡನ ಮೇಲಿನ ಸಾಲ ಎಂದು ಶರೀಯತ್ತು ಸ್ಪಷ್ಟವಾಗಿ ಹೇಳುತ್ತದೆ, ಆ ಮಟ್ಟಿಗೆ ಅವರ ಕಾಗದದಲ್ಲಿ ಒಂದು ಅಂಕಿಯಾದರೂ ಇದೆ.

ನಮ್ಮ ಕೇರಿಗಳಲ್ಲಿ ಇಂದೂ ಹಿರಿಯರು ಕೂರುತ್ತಾರೆ. ಈಗ ಅವರಲ್ಲಿ ಓದಿದವರಿದ್ದಾರೆ, ಸಂಘಟನೆಯಲ್ಲಿ ದುಡಿದವರಿದ್ದಾರೆ, ಪಂಚಾಯ್ತಿ ಸದಸ್ಯೆಯರಾದ ಹೆಂಗಸರೂ ಇದ್ದಾರೆ. ಕೋರ್ಟಿಗೆ ಹೋಗಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಪಡೆಯಲು 1976ರಿಂದ ದಾರಿ ಇದೆ. ಅದಕ್ಕೆ ಮುಂಚೆ ಕಟ್ಟೆಯ ಮೇಲೆ ಒಪ್ಪಂದ ಬರೆಯುವುದಾದರೆ, ಸೋಡಚೀಟಿಯನ್ನು ಒಂದು ಸಾಲಿಗೆ ಮುಗಿಸದೆ ಪಾರಿಕತ್ತಿನಂತೆ ಬರೆಯಲಿ. ಮದುವೆಗೆ ಯಾರು ಎಷ್ಟು ಸಾಲ ಮಾಡಿದರು, ಎಷ್ಟು ತೀರಿತು, ಯಾರ ದುಡಿಮೆಯಿಂದ ತೀರಿತು. ಮದುವೆಯ ನಂತರ ಏನು ಕಟ್ಟಿದರು, ಏನು ಕೊಂಡರು, ಆಡು ಕುರಿ ಎಷ್ಟಾದವು. ಹೆಂಡತಿಯ ಸಹಿಯ ಸಾಲದಲ್ಲಿ ಗಂಡನ ಹೊಲಕ್ಕೆ ಹೋದದ್ದೆಷ್ಟು, ಆ ಕಂತನ್ನು ಇನ್ನು ಯಾರು ಕಟ್ಟಬೇಕು. ಇಬ್ಬರ ಸಹಿ, ಸಾಕ್ಷಿಗಳ ಸಹಿ, ಒಂದೊಂದು ಪ್ರತಿ ಇಬ್ಬರ ಕೈಗೂ. ಸಾಲಕೊಟ್ಟ ಕಂಪನಿ ಈ ಕಾಗದಕ್ಕೆ ತಲೆಬಾಗಬೇಕಿಲ್ಲ, ನಿಜ. ಆದರೆ ನಾಳೆ ಹುಮನಾಬಾದಿನ ಕೋರ್ಟಿನಲ್ಲೋ ಬಸವಕಲ್ಯಾಣದ ಕೋರ್ಟಿನಲ್ಲೋ ನಿಂತಾಗ ಅವಳ ಕೈಯಲ್ಲಿ ತೋರಿಸಲಿಕ್ಕೆ ಒಂದು ಪಟ್ಟಿ ಇರುತ್ತದೆ. ಪದ್ಧತಿಗೆ ಸಾಕ್ಷಿ ಕೇಳುವ ಕೋರ್ಟಿಗೆ ಇಂಥ ನೂರು ಕಾಗದ ಕೂಡಿದರೆ ಅದೇ ಸಾಕ್ಷಿಯಾದೀತು.

ಒಂಬೈನೂರು ವರ್ಷದ ಹಿಂದೆ ಕಲ್ಯಾಣದ ಪಂಡಿತನಿಗೆ ದುಡಿಯುವವರ ಮನೆ ಹೆಂಗಸಿನ ಮೇಲೆ ನಿಂತಿದೆ ಎಂದು ಗೊತ್ತಿತ್ತು. ಅವನು ಅದನ್ನು ಸಾಲದ ಕಡೆಗೆ ಬರೆದ. ಪಾಲಿನ ಕಡೆಗೆ ಬರೆಯುವ ಕೆಲಸ ನಮ್ಮದು.